ನಾಲ್ಕು ಬೆರಳಗಲದ ಬೆಸುಗೆ

ಆ ಸ್ಟೂಲಿನ ಮೇಲೆ ಬೇಡ ಮಗಳೇ, ಅದರ ಕಾಲು ಅಲ್ಲಾಡುತ್ತದೆ, ಈ ಕಡೆ ಮಂಚದ ಮೇಲೆ ಕೂತುಕೋ. ಕಿಟಕಿ ಸ್ವಲ್ಪ ಮುಂದೆ ಮಾಡು, ಬೀದಿಯ ಗಲಾಟೆಯಲ್ಲಿ ನನ್ನ ಮಾತೇ ನನಗೆ ಕೇಳಿಸುವುದಿಲ್ಲ. ಹಾಂ. ಸ್ಕೇಲಿನ ವಿಷಯ ಕೇಳಿದೆಯಲ್ಲ, ಅವಳು ಯಾಕೆ ಹಾಗೆ ಮಾತೇ ಆಡುವುದಿಲ್ಲ ಅಂತ. ಈ ಅಜ್ಜಿ ಹೇಳುತ್ತಾಳೆ, ಆದರೆ ಮಧ್ಯೆ ಬಾಯಿ ಹಾಕಬೇಡ, ಬಾಯಿ ಹಾಕಿದರೆ ನನಗೆ ದಾರಿ ತಪ್ಪುತ್ತದೆ.

ಸ್ಕೇಲು ನನ್ನ ತಮ್ಮನ ಮಗಳು. ಅವಳ ಚೀಲದಲ್ಲಿ ಯಾವಾಗಲೂ ಒಂದು ಸ್ಟೀಲ್ ಸ್ಕೇಲು ಇರುತ್ತಿತ್ತು, ಬಾಚಣಿಗೆ ಮರೆತರೂ ಅದನ್ನು ಮರೆಯುತ್ತಿರಲಿಲ್ಲ. ಒಂದು ಸಲ ನನಗೆ ಸೀರೆ ಇಡುವ ಬೀರು ಕೊಡಿಸಲು ಅಂಗಡಿಗೆ ಕರೆದುಕೊಂಡು ಹೋದವಳು ಬೀರು ಬಿಟ್ಟು ಅಂಗಡಿಯ ಮೆಟ್ಟಿಲು ಅಳೆಯುತ್ತಾ ಕೂತಳು.

"ನಿಮ್ಮ ಮೆಟ್ಟಿಲು ಒಂದೊಂದು ಒಂದೊಂದು ಎತ್ತರ ಇದೆ ರೀ, ಯಾರಾದ್ರೂ ಮುಗ್ಗರಿಸ್ತಾರೆ" ಅಂದಳು ಅಂಗಡಿಯವನಿಗೆ.

"ನಿಮ್ಗೆ ಬೀರು ಬೇಕಾ, ಮೆಟ್ಟಿಲು ಬೇಕಾ?" ಅಂದ ಅವನು.

ಬೀರು ಕೊಳ್ಳದೆ ವಾಪಸು ಬಂದೆವು. ನನ್ನ ಸೀರೆಗಳು ಇವತ್ತಿಗೂ ಟ್ರಂಕಿನಲ್ಲೇ ಇವೆ. ಅವತ್ತಿನಿಂದ ಅವಳಿಗೆ ಸ್ಕೇಲು ಅಂತ ಹೆಸರು.

ತಾಯಿ ಹೋದಾಗ ಅವಳಿಗೆ ಐದು ವರ್ಷ. ನನ್ನ ಮನೆ, ಅವರ ಮನೆ, ಮಧ್ಯೆ ಒಂದೇ ಗೋಡೆ. ಜಡೆ ಹಾಕುವ ಹೊತ್ತಿಗೆ ನಾನು ಗೋಡೆ ತಟ್ಟುತ್ತಿದ್ದೆ, ಅವಳು ಓಡಿ ಬರುತ್ತಿದ್ದಳು. ನನ್ನ ತಮ್ಮ, ಅಂದರೆ ಮೇಸ್ತ್ರಿ, ಆಗಲೇ ಊರಿನ ದೊಡ್ಡ ವೆಲ್ಡಿಂಗ್ ಶೆಡ್ಡಿನಲ್ಲಿ ಹೆಸರು ಮಾಡಿದ್ದ. ಅವನ ಬೆಸುಗೆ ನೋಡಲೆಂದೇ ಬೇರೆ ಕಡೆಯ ವೆಲ್ಡರುಗಳು ಬರುತ್ತಿದ್ದರು. ಮೀನಿನ ಮೈಮೇಲಿನ ಹುರುಪೆಯ ಹಾಗೆ ಒಂದರ ಮೇಲೊಂದು ಸಾಲಾಗಿ, ಎಲ್ಲೂ ಉಬ್ಬಿಲ್ಲ, ಎಲ್ಲೂ ತಗ್ಗಿಲ್ಲ. ಕಂಬಿಯ ಸುತ್ತ ಪೂರ್ತಿ ಒಂದು ಸುತ್ತು ಬೆಸೆದು ಮುಗಿಸಿದ ಮೇಲೆ ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದ, ಮಗುವಿನ ಕೆನ್ನೆ ಸವರಿದ ಹಾಗೆ. ಅವನ ಮುಂಗೈ ತುಂಬ ಕಿಡಿ ಹಾರಿದ ಬಿಳಿ ಚುಕ್ಕೆ. ನನಗೆ ಅವನೆಂದರೆ ಪ್ರಾಣ, ಅದನ್ನೂ ಹೇಳಿಬಿಡುತ್ತೇನೆ. ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳು ನಾನು.

ಮಗಳು ಓದಿ, ಅದೇ ಶೆಡ್ಡಿಗೆ ಡ್ರಾಯಿಂಗ್ ಮಾಡಲು ಸೇರಿದಳು. ಶೆಡ್ಡಿನ ಒಂದು ಮೂಲೆಯಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಗಾಜಿನ ಕಿಟಕಿಯ ಕೋಣೆ. ಅವಳು ಮೇಲೆ, ಅಪ್ಪ ಕೆಳಗೆ. ಅವನು ಮುಖಕ್ಕೆ ಹಾಕುವ ಕವಚ ಎತ್ತಿದಾಗೆಲ್ಲ ಮೊದಲು ಆ ಕಿಟಕಿಯ ಕಡೆ ನೋಡುತ್ತಿದ್ದನಂತೆ.

ಡ್ರಾಯಿಂಗಿನ ಮೂಲೆಯಲ್ಲಿ ಎರಡು ಚೌಕ ಇರುತ್ತವೆ. ಒಂದರಲ್ಲಿ 'ಬರೆದವರು', ಇನ್ನೊಂದರಲ್ಲಿ 'ಒಪ್ಪಿದವರು'. ಹನ್ನೊಂದು ವರ್ಷ ಅವಳ ಸಹಿ ಬರೆದವರ ಚೌಕದಲ್ಲೇ ಇತ್ತು. ಲೆಕ್ಕ ಅವಳದು, ತಲೆನೋವು ಅವಳದು, ಒಪ್ಪುವವನು ಮಾತ್ರ ಕನ್ನಡಕದ ಇಂಜಿನಿಯರು. ಅವನು ಚಹಾ ಕುಡಿಯುತ್ತಾ ಒಪ್ಪುತ್ತಿದ್ದ. ಹನ್ನೊಂದು ವರ್ಷದ ಮೇಲೆ, ಎರಡು ಪರೀಕ್ಷೆ ಪಾಸು ಮಾಡಿದ ಮೇಲೆ, ಮ್ಯಾನೇಜರು ಅವಳನ್ನು ಕರೆದು, "ಇನ್ಮೇಲೆ ನೀವೇ ಒಪ್ಪಿ" ಅಂದರು. ಜೊತೆಗೆ, "ನಿಮ್ಮ ಸಹಿ ಇರೋ ಫ್ರೇಮು ಭಾರದ ಪರೀಕ್ಷೇಲಿ ಬಿದ್ರೆ ಸಹಿ ವಾಪಸ್, ಅದು ಎಲ್ರಿಗೂ ಇರೋ ನಿಯಮ" ಅಂತಲೂ ಹೇಳಿದರು. ಅವತ್ತು ಅವಳು ಮನೆಗೆ ಬಂದು ನನ್ನ ಹಾಲಿನ ಲೆಕ್ಕದ ಕ್ಯಾಲೆಂಡರಿನ ತುಂಬ ಸಹಿ ಹಾಕಿ ಹಾಕಿ ಅಭ್ಯಾಸ ಮಾಡಿದಳು. ಆ ತಿಂಗಳು ಎಷ್ಟು ಹಾಲು ಬಂತು ಅಂತ ಇವತ್ತಿಗೂ ಗೊತ್ತಿಲ್ಲ.

ಅವಳಿಗೆ ಬಂದ ಮೊದಲ ಕೆಲಸ ನದಿಯ ದಡದಿಂದ ದೋಣಿಗೆ ಹತ್ತುವ ಕಾಲುಸೇತುವೆ. ಪೂರ್ತಿ ಅಲ್ಯೂಮಿನಿಯಂ. ಹಗುರವಾಗಿರಬೇಕು, ಆದರೆ ಒಂದೇ ಸಲ ಐವತ್ತು ಜನ ನಿಂತರೂ ಜಗ್ಗಬಾರದು.

ಇದೆಲ್ಲ ನನಗೆ ಹೇಗೆ ಗೊತ್ತು ಅಂತೀಯಾ? ಅವಳೇ ಕಲಿಸಿದಳು, ಇದೇ ಕೋಣೆಯಲ್ಲಿ. ಒಂದು ಭಾನುವಾರ ಶೆಡ್ಡಿನಿಂದ ಎರಡು ಅಲ್ಯೂಮಿನಿಯಂ ಪಟ್ಟಿ ತಂದಳು. ಒಂದು ಅಖಂಡ, ಇನ್ನೊಂದಕ್ಕೆ ಮಧ್ಯದಲ್ಲಿ ಅಡ್ಡಕ್ಕೆ ಒಂದು ಗೆರೆ ಬೆಸುಗೆ. ಎರಡು ಕುರ್ಚಿ ದೂರ ಇಟ್ಟು, ನಡುವೆ ಪಟ್ಟಿ ಮಲಗಿಸಿ, ಅದಕ್ಕೆ ನನ್ನ ಬಕೆಟ್ ನೇತುಹಾಕಿ, ಚೊಂಬಿನಲ್ಲಿ ನೀರು ಸುರಿಯಲು ನನ್ನನ್ನೇ ನಿಲ್ಲಿಸಿದಳು. ಅಖಂಡ ಪಟ್ಟಿ ತುಂಬಿದ ಬಕೆಟ್ಟನ್ನು ಹೊತ್ತುಕೊಂಡು ಸುಮ್ಮನೆ ಇತ್ತು. ಬೆಸುಗೆಯ ಪಟ್ಟಿ ಅರ್ಧ ಬಕೆಟ್ಟಿಗೇ ಮಡಚಿಕೊಂಡಿತು. ನೆಲವೆಲ್ಲ ನೀರು.

"ಎಲ್ಲಿ ಬಾಗಿದೆ ನೋಡು ಅತ್ತೆ."

"ಬೆಸುಗೆ ಹತ್ರ ಕಣೇ. ಮೊದ್ಲು ನೆಲ ಒರೆಸು."

"ಹತ್ರ. ಸರಿಯಾಗಿ ನೋಡು, ಬೆಸುಗೆ ಹಾಗೇ ಇದೆ. ಅದರ ಪಕ್ಕ ಬಾಗಿದೆ."

ನಿಜ. ಬೆಸುಗೆಗೆ ಏನೂ ಆಗಿರಲಿಲ್ಲ, ಅದರಿಂದ ಒಂದು ಬೆರಳು ಆಚೆಗೆ ಪಟ್ಟಿ ಮಣಿದಿತ್ತು. ಈ ಲೋಹವನ್ನು ಕಾರ್ಖಾನೆಯಲ್ಲಿ ಹದವಾಗಿ ಕಾಯಿಸಿ ಗಟ್ಟಿ ಮಾಡಿರುತ್ತಾರಂತೆ. ಬೆಸೆಯುವ ಬೆಂಕಿ ತಗುಲಿದರೆ ಅಕ್ಕಪಕ್ಕದಲ್ಲಿ ಒಂದೊಂದು ಇಂಚು ಆ ಹದ ಹೊರಟುಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಬ್ಬಿಣ ಕಾದರೆ ಕೆಂಪಾಗಿ ಹೇಳುತ್ತದೆ, ಇದು ಕೆಂಪಾಗುವುದೂ ಇಲ್ಲ, ಬೆಳ್ಳಗೇ ಇದ್ದು ಕರಗುತ್ತದೆ.

"ಕಬ್ಬಿಣಕ್ಕೆ ಜಾಸ್ತಿ ಬೆಸುಗೆ ಹಾಕಿದ್ರೆ ಭದ್ರ ಅಂತ ಎಲ್ರೂ ಕಲ್ತಿರ್ತಾರೆ. ಇದಕ್ಕೆ ಜಾಸ್ತಿ ಹಾಕಿದ್ರೆ ಶಕ್ತಿ ಹೋಗುತ್ತೆ" ಅಂದಳು.

"ಹಾಗಾದ್ರೆ ಎಲ್ಲಿ ಹಾಕ್ಬೇಕು ಅಂತ ತೋರ್ಸೋದು ನಿನ್ನ ಕೆಲ್ಸ."

"ಎಲ್ಲಿ ಹಾಕ್ಬಾರ್ದು ಅಂತ ತೋರ್ಸೋದು ಅತ್ತೆ. ಅದೇ ಕಷ್ಟ."

ಕಾಲುಸೇತುವೆಯ ಕೆಳಗಿನ ತೊಲೆ ಇರುತ್ತದಲ್ಲ, ಜನ ಮೇಲೆ ನಿಂತರೆ ಅದು ಎಳೆದ ಹಗ್ಗದ ಹಾಗೆ ಬಿಗಿಯುತ್ತದೆ, ಅದರಲ್ಲೂ ನಟ್ಟನಡುವೆ. ಅಲ್ಲಿ ನಿಂತ ಎರಡು ಕಂಬಿಗಳಿಗೆ ಅವಳು ತೊಲೆಯ ಉದ್ದಕ್ಕೆ ಮಾತ್ರ ಸಣ್ಣ ಬೆಸುಗೆ ತೋರಿಸಿ, ಅಡ್ಡಕ್ಕೆ ನಾಲ್ಕು ಬೆರಳಗಲ ಜಾಗ ಹಾಗೇ ಬಿಟ್ಟಿದ್ದಳು. ಬಾಣ ಎಳೆದು, 'ಇಲ್ಲಿ ಬೆಸುಗೆ ಬೇಡ' ಅಂತ ಬರೆದಿದ್ದಳು. ಆ ನಾಲ್ಕು ಬೆರಳಿಗಾಗಿ ಮೂರು ವಾರ ಲೆಕ್ಕ ಹಾಕಿದ್ದಳು ಮಗಳೇ. ಕಣ್ಣ ಕೆಳಗೆ ಕಪ್ಪು ಬಂದಿತ್ತು.

ಮೇಸ್ತ್ರಿಗೆ ಅದನ್ನು ನೋಡಿ ಮೈ ಉರಿಯಿತು. ಆ ಸಂಜೆ ನಾನೂ ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ.

"ಅದೇನೇ ಅದು, ನಡುಗಂಬಿ ಬಾಯಿ ಬಿಟ್ಕೊಂಡು ನಿಂತಿದೆ?"

"ಬಾಯಿ ಬಿಟ್ಟಿಲ್ಲಪ್ಪ, ಅಲ್ಲಿ ಬೇಡ ಅಂತ ಬರ್ದಿದೀನಿ."

"ನನ್ನ ಕೈಯಿಂದ ಅರ್ಧ ಸುತ್ತಿದ ಬೆಸುಗೆ ಇದುವರ್ಗೂ ಆಚೆ ಹೋಗಿಲ್ಲ. ನೋಡಿದವ್ರು ಏನಂತಾರೆ? ಮೇಸ್ತ್ರಿಗೆ ಕಣ್ಣು ಮಂಜಾಯ್ತು ಅಂತಾರೆ."

"ಸೇತುವೆ ಮಾಡ್ತಿರೋದು ನೋಡೋರಿಗಾ, ನಡಿಯೋರಿಗಾ?"

ನಾನು ಜೋರಾಗಿ ನಕ್ಕುಬಿಟ್ಟೆ. ನಗಬಾರದಿತ್ತು. ಅವನು ತಟ್ಟೆ ಸರಿಸಿ ಎದ್ದು ಕೈ ತೊಳೆದ. "ನಿನ್ನ ಮೊದಲನೇ ಸಹಿ ಕಣೇ. ಅದು ಬಿದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ" ಅಂದ, ನಲ್ಲಿಯ ಕಡೆ ತಿರುಗಿಕೊಂಡೇ. ಅದರಲ್ಲಿ ಪ್ರೀತಿ ಎಷ್ಟು, ಜಂಬ ಎಷ್ಟು ಅಂತ ನಾನು ಇವತ್ತಿಗೂ ಬಿಡಿಸಿ ನೋಡಲು ಹೋಗುವುದಿಲ್ಲ. ಎರಡೂ ಇತ್ತು.

ಈಗ ಆ ಶೆಡ್ಡಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ನಿನಗೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸ ಮಾಡುವಾಗ ಡ್ರಾಯಿಂಗಿನಲ್ಲಿ ಏನಾದರೂ ಬದಲಿಸಬೇಕಾದರೆ ಬೆಸೆಯುವವರು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಬೇಕು, ಡ್ರಾಯಿಂಗ್ ಬರೆದವರು ಅದನ್ನು ನೋಡಿ ಮೂಲೆಯಲ್ಲಿ ಪುಟ್ಟ ಸಹಿ ಹಾಕಬೇಕು. ಬೇರೆಯವರ ಕೆಂಪು ಗುರುತು ಬಂದರೆ ಸ್ಕೇಲು ಎರಡು ದಿನ ಇಟ್ಟುಕೊಂಡು ಜಾಲಾಡುತ್ತಿದ್ದಳು. ಅಪ್ಪನ ಕೆಂಪು ಬಂದರೆ ನೋಡುತ್ತಲೇ ಇರಲಿಲ್ಲ. ಅವಳು ಬರೆದ ತೂತಿಗೆ ಸ್ಪ್ಯಾನರ್ ಹೋಗುವುದಿಲ್ಲ ಅಂತ, ಎರಡು ತುಂಡು ಒಂದಕ್ಕೊಂದು ತಾಗುತ್ತವೆ ಅಂತ, ಅಪ್ಪ ಎಷ್ಟೋ ಸಲ ಅವಳ ಮಾನ ಉಳಿಸಿದ್ದ. ಹನ್ನೊಂದು ವರ್ಷದಲ್ಲಿ ಅವನ ಕೆಂಪು ಒಮ್ಮೆಯೂ ಸುಳ್ಳಾಗಿರಲಿಲ್ಲ. "ಕೆಂಪಿದೆ, ಹಾಕು" ಅಂದರೆ ಅವಳು ಹಾಕುತ್ತಿದ್ದಳು.

ಊಟದ ಜಗಳವಾಗಿ ಮೂರನೆಯ ದಿನ ಬೆಳಿಗ್ಗೆ ಅವನು ಕಬ್ಬಿಣದ ಮೆಟ್ಟಿಲು ಹತ್ತಿ ಬಂದ. ಅವಳು ಲೋಹ ಕಳಿಸುವವರ ಜೊತೆ ಫೋನಿನಲ್ಲಿ ಕಾದಾಡುತ್ತಿದ್ದಳು. ಅವನು ಐದು ಹಾಳೆಗಳನ್ನು ಬೀಸಣಿಗೆಯ ಹಾಗೆ ಹರಡಿ, ಮೂಲೆಗಳು ಮಾತ್ರ ಕಾಣುವಂತೆ ಮೇಜಿನ ಮೇಲೆ ಹಿಡಿದ.

"ಕೆಂಪಿದೆ, ಹಾಕು. ಐದು."

ಫೋನನ್ನು ಭುಜಕ್ಕೆ ಒತ್ತಿಕೊಂಡು ಅವಳು ಐದು ಸಹಿ ಹಾಕಿದಳು. ನಾಲ್ಕು ಹಾಳೆಯಲ್ಲಿ ತೂತು, ಬೋಲ್ಟು, ಎಂಥದೋ ಪುಡಿ ವಿಷಯ. ಐದನೆಯದರಲ್ಲಿ 'ಇಲ್ಲಿ ಬೆಸುಗೆ ಬೇಡ' ಅನ್ನುವ ಮಾತಿನ ಮೇಲೆ ಕೆಂಪು ಗೀಟು, ಆ ನಾಲ್ಕು ಬೆರಳಿನ ಜಾಗದಲ್ಲಿ ಬೆಸುಗೆಯ ಗುರುತು.

ಪರೀಕ್ಷೆ ಒಂದು ಶುಕ್ರವಾರ. ಅಂಗಳದಲ್ಲಿ ಎರಡು ಕಾಂಕ್ರೀಟ್ ದಿಮ್ಮಿಗಳ ಮೇಲೆ ಸೇತುವೆ ಕೂರಿಸಿ, ಮೇಲೆ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದರು. ಪೈಪಿನಿಂದ ಒಂದೊಂದಕ್ಕೇ ನೀರು ತುಂಬಿಸುವುದು. ಹನ್ನೆರಡು ಡ್ರಮ್ಮು ತುಂಬಿ ಒಂದು ಗಂಟೆ ನಿಂತರೆ ಪಾಸು. ದೋಣಿ ಕಂಪನಿಯ ಮೂವರು ನೆರಳಲ್ಲಿ ನಿಂತಿದ್ದರು. ಸ್ಕೇಲು ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದಳು, ನಾನೇ ಕೊಡಿಸಿದ್ದು.

ಎಂಟನೆಯ ಡ್ರಮ್ಮು ಅರ್ಧ ತುಂಬಿತ್ತು. ಕಬ್ಬಿಣವಾದರೆ ಕಿರುಗುಟ್ಟಿ ಮುನ್ಸೂಚನೆ ಕೊಡುತ್ತದೆ. ಇದು ಸದ್ದೇ ಮಾಡಲಿಲ್ಲ, ನಡು ಸುಮ್ಮನೆ ಕುಸಿಯಿತು. ಡ್ರಮ್ಮುಗಳು ಉರುಳಿ, ಅಂಗಳವೆಲ್ಲ ನೀರಾಗಿ, ಕಂಪನಿಯವರ ಬೂಟು ಒದ್ದೆ. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಸ್ಕೇಲು ಆ ಕೆಸರಿನಲ್ಲೇ ಮಂಡಿಯೂರಿ ತೊಲೆಯ ಕೆಳಗೆ ಬಗ್ಗಿ ನೋಡಿದಳು. ನಡುಗಂಬಿಯ ಸುತ್ತ ಪೂರ್ತಿ ಬೆಸುಗೆ. ಮೀನಿನ ಹುರುಪೆಯ ಹಾಗೆ, ಒಂದು ಕೂದಲೆಳೆ ಹೆಚ್ಚುಕಡಿಮೆ ಇಲ್ಲ. ಅದರ ಪಕ್ಕದಲ್ಲಿ ಒಂದು ಬೆರಳು ಆಚೆಗೆ ತೊಲೆ ಹರಿದಿತ್ತು. ಯಾರ ಕೈ ಅಂತ ಕೇಳಬೇಕಾಗಿರಲಿಲ್ಲ.

ಅವಳು ಎದ್ದು ಅಪ್ಪನ ಕಡೆ ನೋಡಿದಳು. ಅವನು ನೀರಿನ ಪೈಪು ಸುತ್ತುತ್ತಿದ್ದ. ಪೈಪು ಸುತ್ತುವುದು ಅವನ ಕೆಲಸವೇ ಅಲ್ಲ.

ಸೋಮವಾರ ಹತ್ತು ಗಂಟೆಗೆ ವಿಚಾರಣೆ ಅಂತಾಯಿತು. ಶನಿವಾರ ಅವಳು ಲೋಹದ ಗಟ್ಟಿತನ ಅಳೆಯುವ, ಇಕ್ಕಳದಂಥ ಒಂದು ಸಾಧನ ಹಿಡಿದು ಅಂಗಳಕ್ಕೆ ಹೋದಳು. ತೊಲೆಯನ್ನು ಅಂಗುಲ ಅಂಗುಲವಾಗಿ ಒತ್ತಿ ನೋಡುವುದು, ಬಂದ ಅಂಕಿಯನ್ನು ಅಲ್ಲೇ ಸೀಮೆಸುಣ್ಣದಲ್ಲಿ ಬರೆಯುವುದು. ದೂರದಲ್ಲಿ ಹದಿನೈದು, ಹದಿನೈದು, ಹದಿನಾಲ್ಕು. ಬೆಸುಗೆಯ ಹತ್ತಿರ ಬಂದ ಹಾಗೆ ಹನ್ನೊಂದು, ಒಂಬತ್ತು, ಎಂಟು. ಆಚೆ ಹೋದರೆ ಮತ್ತೆ ಹದಿನೈದು. ಓದಲು ಬಂದವರಿಗೆಲ್ಲ ಅರ್ಥವಾಗುವಂಥದ್ದು. ಲೆಕ್ಕ ಸರಿ ಇತ್ತು, ಬೆಂಕಿ ತಗುಲಬಾರದ ಕಡೆ ತಗುಲಿದೆ, ಅಷ್ಟೇ. ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಬೇಕೆಂದೇ ದೊಡ್ಡದಾಗಿ ಬರೆದಳಂತೆ. ಅವನು ಓದಲಿ, ಓದಿ ತಾನಾಗಿ ಬಂದು ಹೇಳಲಿ ಅಂತ. ಅವಳಿಗೆ ಅವನನ್ನು ಸಿಕ್ಕಿಹಾಕಿಸುವ ಮನಸ್ಸಿರಲಿಲ್ಲ. 'ನಾನು ಹಾಕಿದೆ, ಅವಳಿಗೆ ತಿಳಿಸಲಿಲ್ಲ' ಅಂತ ಒಂದು ಮಾತು ಅವನ ಬಾಯಿಂದ ಬಂದರೆ ಸಾಕಾಗಿತ್ತು. ನೋಡದೆ ಸಹಿ ಹಾಕಿದ ತಪ್ಪಿಗೆ ಬೈಸಿಕೊಳ್ಳಲು ಅವಳು ತಯಾರಿದ್ದಳು.

ಭಾನುವಾರ ಅವನು ಕೈಚೀಲ ಮರೆತೆ ಅಂತ ಶೆಡ್ಡಿಗೆ ಹೋಗಿ ಬಂದ.

ಸೋಮವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಹೋಗಿ ನೋಡಿದರೆ ತೊಲೆಯ ಮೇಲೆ ಒಂದು ಅಂಕಿಯೂ ಇಲ್ಲ. ಒರೆಸಿದ ಗುರುತು ಅಲೆಯ ಹಾಗೆ ಒಣಗಿತ್ತು. ದಿಮ್ಮಿಯ ಮೇಲೆ ಒಂದು ಬಟ್ಟೆ ಬಿದ್ದಿತ್ತು. ಅವರ ಮನೆಯ ಅಡುಗೆಕಟ್ಟೆ ಒರೆಸುವ ಬಟ್ಟೆ, ಅವಳದೇ ಹಳೆಯ ಲಂಗದಿಂದ ಹರಿದದ್ದು.

ಇಕ್ಕಳ ಚೀಲದಲ್ಲೇ ಇತ್ತು. ಮತ್ತೆ ಅಳೆದು ಬರೆಯಲು ಅರ್ಧ ಗಂಟೆ ಸಾಕು. ಯಾಕೆ ಬರೆಯಲಿಲ್ಲವೇ ಅಂತ ನಾನು ಕೇಳಿದ್ದಕ್ಕೆ ಅವಳು, "ಅಳೆಯೋಕೆ ಇನ್ನೇನು ಉಳಿದಿತ್ತು ಅತ್ತೆ" ಅಂದಳು.

ಹತ್ತು ಗಂಟೆಗೆ ಗಾಜಿನ ಕೋಣೆಯಲ್ಲಿ ಮ್ಯಾನೇಜರು, ಕನ್ನಡಕದ ಇಂಜಿನಿಯರು, ಅಪ್ಪ, ಮಗಳು. ಮೇಜಿನ ಮೇಲೆ ಐದನೆಯ ಹಾಳೆ.

"ಮೊದ್ಲು ಬೆಸುಗೆ ಬೇಡ ಅಂತ ನೀವೇ ಬರ್ದಿದೀರಿ. ಆಮೇಲೆ ಕೆಂಪಿಗೆ ಸಹಿ ಮಾಡಿದೀರಿ. ಯಾಕೆ ಮನಸ್ಸು ಬದಲಾಯ್ತು?" ಅಂತ ಮ್ಯಾನೇಜರು ಕೇಳಿದರು.

ಅವಳು ಪಕ್ಕದಲ್ಲಿ ಕೂತಿದ್ದ ಅಪ್ಪನ ಕೈ ನೋಡುತ್ತಿದ್ದಳು. ಆ ಕೈ ತೊಡೆಯ ಮೇಲೆ ಅಲ್ಲಾಡದೆ ಮಲಗಿತ್ತು.

"ಮೇಸ್ತ್ರಿ, ಇದು ನಿಮ್ಮ ಯೋಚನೇನಾ, ಅವರದ್ದಾ?"

ಅವನು ಬೂಟಿನ ತುದಿ ನೋಡಿದ.

"ಸಹಿ ಅವಳದ್ದಲ್ವಾ ಸಾರ್" ಅಂದ.

ಅಷ್ಟೇ. ಒಂದಕ್ಷರ ಸುಳ್ಳಿಲ್ಲ ನೋಡು ಅದರಲ್ಲಿ. ಸುಳ್ಳು ಹೇಳಿದ್ದರೆ ಅವಳು ತಿರುಗಿಬಿದ್ದು ಜಗಳವಾಡುತ್ತಿದ್ದಳೋ ಏನೋ. ಮ್ಯಾನೇಜರು ಅವಳ ಕಡೆ ತಿರುಗಿದರು. "ಹೌದು ಸಾರ್, ಸಹಿ ನಂದೇ" ಅಂದಳು.

ಆ ಮಧ್ಯಾಹ್ನವೇ ಸಹಿ ವಾಪಸು ಹೋಯಿತು. ಅವಳು ಮತ್ತೆ ಬರೆದವರ ಚೌಕಕ್ಕೆ ಇಳಿದಳು. ಮೂರು ತಿಂಗಳಿಗೆ ಅದೇ ಡ್ರಾಯಿಂಗಿನಿಂದ, ಕೆಂಪು ಗೀಟು ತೆಗೆದು, ಎರಡನೆಯ ಸೇತುವೆ ಮಾಡಿದರು. ಹದಿನಾಲ್ಕು ಡ್ರಮ್ಮು ಹೊತ್ತಿತು, ಎರಡು ಹೆಚ್ಚಿಗೆ. ಅದಕ್ಕೆ ಅಂಟಿಸಿದ ತಗಡಿನಲ್ಲಿ ಒಪ್ಪಿದವರು ಅಂತ ಕನ್ನಡಕದವನ ಹೆಸರಿದೆ. ದಿನಾ ಸಾವಿರ ಜನ ಓಡಾಡುತ್ತಾರೆ. ಮೊನ್ನೆ ನಾನೂ ದಾಟಿದೆ, ಜಗ್ಗಲಿಲ್ಲ.

ಒಂದು ವರ್ಷ ಹಾಗೇ ದುಡಿದು, ಅವಳು ಶೆಡ್ಡು ಬಿಟ್ಟಳು. ಈಗ ಬಸ್ ನಿಲ್ದಾಣದ ಹಿಂದೆ ಕಿಟಕಿ ಮಾಡುವ ಅಂಗಡಿಯಲ್ಲಿ ಅಳತೆ ತೆಗೆಯುತ್ತಾಳೆ. ಅವರಿವರ ಮನೆಗೆ ಹೋಗಿ ಸೊಳ್ಳೆಪರದೆಗೆ ಉದ್ದ ಎಷ್ಟು, ಅಗಲ ಎಷ್ಟು ಅಂತ ಬರೆದುಕೊಂಡು ಬರುವುದು. ಯಾವ ಭಾರವನ್ನೂ ಹೊರಬೇಕಾಗಿಲ್ಲದ ಚೌಕಟ್ಟುಗಳು. ನಲವತ್ತು ದಾಟಿತು ಅವಳಿಗೆ. ಮನೆ ಬಿಟ್ಟು ಹೋಗಲಿಲ್ಲ, ಅಪ್ಪನ ಜೊತೆಯಲ್ಲೇ ಇದ್ದಾಳೆ. ಮೊದಲು ಈ ಗೋಡೆಯಾಚೆ ಸಂಜೆಯಾದರೆ ಜಗಳ, ನಗು, ಸ್ಪ್ಯಾನರ್ ಎಲ್ಲಿ ಅನ್ನುವ ಕೂಗಾಟ, ನನಗೆ ರೇಡಿಯೋ ಬೇಕಾಗಿರಲಿಲ್ಲ. ಈಗ ಕೇಳಿಸುವುದು ಇಷ್ಟು:

"ಹಾಲು ಬಂತಾ?"

"ಬಂತು."

"ನೀರು ತುಂಬಿಸಿದ್ಯಾ?"

"ಹೂಂ."

ಇದನ್ನೆಲ್ಲ ಅವಳು ನನಗೆ ಹೇಳಿದ್ದಾದರೂ ಎರಡು ವರ್ಷದ ಮೇಲೆ. ನನ್ನ ಹೊಲಿಗೆ ಯಂತ್ರದ ಪೆಡಲು ಸರಿಮಾಡುತ್ತಾ, ತಲೆ ಎತ್ತದೆ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಆಮೇಲೆ "ಪೆಡಲು ಈಗ ಸರಿಹೋಯ್ತು" ಅಂದಳು. ನಾನು ಆ ಕ್ಷಣವೇ ಎದ್ದು ಪಕ್ಕದ ಮನೆಗೆ ಹೋದೆ. ಅವನು ಅಡುಗೆಮನೆಯಲ್ಲಿ ಸ್ಟೌ ಉಜ್ಜುತ್ತಿದ್ದ.

"ಒರೆಸಿದ್ದು ನೀನೇನೋ?" ಅಂದೆ.

ಏನು ಅಂತ ಅವನು ಕೇಳಲಿಲ್ಲ. "ಒರೆಸಿದೆ ಅಕ್ಕ" ಅಂದ. ಸ್ವಲ್ಪ ಹೊತ್ತು ಉಜ್ಜಿದ. "ಅವಳಿಗೆ ಇನ್ನೂ ವಯಸ್ಸಿದೆ, ಇನ್ನೊಂದು ಕಡೆ ಇನ್ನೊಂದು ಸಹಿ ಸಿಗುತ್ತೆ ಅಂದ್ಕೊಂಡೆ. ನಂಗೆ ಆ ಕೈಯಿನ ಹೆಸರು ಬಿಟ್ರೆ ಇನ್ನೇನಿತ್ತು ಹೇಳು?"

"ಮಗಳಿದ್ಲು ಕಣೋ" ಅಂದೆ.

ಅವನು ಅತ್ತ. ನಾನು ಸಮಾಧಾನ ಮಾಡಲಿಲ್ಲ. ಜೀವಮಾನದಲ್ಲಿ ಅವನು ಅಳುವಾಗ ನಾನು ಸುಮ್ಮನೆ ನಿಂತದ್ದು ಅದೊಂದೇ ಸಲ. "ಹೋಗಿ ಮ್ಯಾನೇಜರಿಗೆ ಹೇಳು, ಇನ್ನೂ ಹೊತ್ತು ಮೀರಿಲ್ಲ" ಅಂದೆ. "ನಾಳೆ ಹೇಳ್ತೀನಿ" ಅಂದ. ಅದಾಗಿ ನಾಲ್ಕು ವರ್ಷ.

ನಾಳೆ ಏನಿದೆ ಅಂತ ನಿನಗೂ ಗೊತ್ತು. ಶೆಡ್ಡಿನವರು ಅವನಿಗೆ ಸನ್ಮಾನ ಮಾಡುತ್ತಾರೆ, ನಲವತ್ತು ವರ್ಷ ಒಂದು ಬೆಸುಗೆಯೂ ಬಿಟ್ಟುಕೊಂಡಿಲ್ಲ ಅಂತ. ಅದು ನಿಜ, ಅವನ ಬೆಸುಗೆ ಅವತ್ತೂ ಬಿಟ್ಟಿರಲಿಲ್ಲ. ಅಕ್ಕ ಮುಂದಿನ ಸಾಲಿನಲ್ಲಿ ಕೂರಬೇಕು ಅಂತ ಹೇಳಿ ಕಳಿಸಿದ್ದಾನೆ, ಕಾರು ಬೇರೆ ಬರುತ್ತದಂತೆ. ಬೆಳಿಗ್ಗೆ ಹಿತ್ತಲಿಂದ ಬಗ್ಗಿ ನೋಡಿದೆ, ಸ್ಕೇಲು ಅವನ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ತೋಳಿನ ಮಡಿಕೆ ಎರಡೂ ಕಡೆ ಒಂದೇ ಅಳತೆ ಬರಲಿ ಅಂತ ಮತ್ತೆ ಬಿಡಿಸಿ ಮತ್ತೆ ಹಾಕಿದಳು. ನಾನು ಒಳಗೆ ಬಂದುಬಿಟ್ಟೆ.

ಏಳು ಮಗಳೇ, ಕೂತಿದ್ದು ಸಾಕು. ಪಕ್ಕದ ಮನೆಗೆ ಹೋಗು. ಸ್ಕೇಲು ಈಗ ಅಂಗಡಿಯಲ್ಲಿರುತ್ತಾಳೆ, ಅವನೊಬ್ಬನೇ ಇರುತ್ತಾನೆ. ಅಜ್ಜಿ ನಾಳೆ ಬರುವುದಿಲ್ಲವಂತೆ ಅಂತ ಹೇಳು. ಮಂಡಿ ನೋವು ಅಂತ ಸೇರಿಸಬೇಡ, ಜ್ವರ ಅಂತಲೂ ಬೇಡ, ನಿನಗೆ ಕರುಣೆ ಜಾಸ್ತಿ ಅಂತ ನನಗೆ ಗೊತ್ತು. ಬರುವುದಿಲ್ಲ, ಅಷ್ಟೇ. ಯಾಕೆ ಅಂತ ಅವನು ಕೇಳುವುದಿಲ್ಲ. ಹಾಗೇ ವಾಪಸು ಬರುವಾಗ ಮೂಲೆಯಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ತಗೊಂಡು ಬಾ, ಒಲೆ ಹಚ್ಚಲು ಒಂದು ಕಡ್ಡಿಯೂ ಇಲ್ಲ.